ನಾಗಮಂಗಲಕ್ಕೆ ಹೋದ ಎರಡು ಹಳದಿ ಕಾರ್ಡು

ಗೊತ್ತಿಲ್ಲದ ಊರಿಗೆ ಹೋಗಿ, ಗೊತ್ತಿದ್ದವಳ ಹಾಗೆ ಸಲಹೆ ಕೊಟ್ಟು, ಕೊನೆಗೆ ಆ ಊರಿನವರಿಂದಲೇ ಬುದ್ಧಿ ಕಲಿತು ವಾಪಸು ಬರುವುದು ನನ್ನ ವೃತ್ತಿ. ಹಾಗಾಗಿ ಇಂಥ ಫಜೀತಿಗಳು ನನಗೆ ಆಗುತ್ತಲೇ ಇರುತ್ತವೆ. ನೇಪಾಳದಲ್ಲಿ ಆಗಿವೆ, ತಾಂಜಾನಿಯಾದಲ್ಲಿ ಆಗಿವೆ, ಫಿಲಿಪೀನ್ಸಿನ ಒಂದು ದ್ವೀಪದಲ್ಲಂತೂ ದೋಣಿ ಸಮೇತ ಆಗಿವೆ. ಆದರೆ ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ನಡುವೆ ಒಂದು ಹಳೇ ಜೀಪಿನಲ್ಲಿ ಕುಲುಕಾಡಿಕೊಂಡು ಓಡಾಡಿದೆನಲ್ಲ, ಆಗ ಆದಷ್ಟು ಮತ್ತೆಲ್ಲೂ ಆಗಲಿಲ್ಲ.

ಕೆಲಸದ ಹೆಸರು ಉದ್ದವಾಗಿತ್ತು. ಪ್ರಾದೇಶಿಕ ಆರೋಗ್ಯ ಮಾಹಿತಿ ವಿನಿಮಯ ವ್ಯವಸ್ಥೆಯ ಯೋಜನೆ ಮತ್ತು ಸುಸ್ಥಿರತೆಗೆ ಸಲಹೆ. ನನ್ನ ತಾಯಿಗೆ ಇದನ್ನು ನಾಲ್ಕು ಸಲ ವಿವರಿಸಿದ್ದೆ; ಆಕೆ ನೆಂಟರಿಗೆಲ್ಲ "ನನ್ನ ಮಗಳು ಪೋಸ್ಟಾಫೀಸಿನಲ್ಲಿದ್ದಾಳೆ" ಎಂದು ಹೇಳಿ ಮುಗಿಸುತ್ತಿದ್ದರು. ಬಿಡಿಸಿ ಹೇಳಿದರೆ ಇಷ್ಟೇ: ಒಬ್ಬ ರೋಗಿಯ ವಿಷಯ ಒಂದು ಆಸ್ಪತ್ರೆಗೆ ಗೊತ್ತಿದ್ದರೆ ಇನ್ನೊಂದು ಆಸ್ಪತ್ರೆಗೂ ಗೊತ್ತಾಗಬೇಕು. ಸಲಹೆ ಕೊಟ್ಟವಳು ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೂ ಗೊತ್ತಾಗುತ್ತಲೇ ಇರಬೇಕು. ಈ ಎರಡನೆಯದೇ ಕಷ್ಟ. ನಾನು ಬೆನ್ನು ತಿರುಗಿಸಿದ ಕೂಡಲೇ ನಿಂತುಹೋದ ಯೋಜನೆಗಳು ಮೂರು ಖಂಡಗಳಲ್ಲಿವೆ.

ನನಗೊಂದು ಚಟವಿದೆ. ಯಾರು ಏನು ಹೇಳಿದರೂ "ಅದು ನಿಮಗೆ ಹೇಗೆ ಗೊತ್ತಾಯ್ತು?" ಎಂದು ಕೇಳುವುದು. ಕೆಲಸಕ್ಕೆ ಬೇಕಾದ ಚಟ, ಆದರೆ ಮರ್ಯಾದೆ ಉಳಿಸುವ ಚಟವಲ್ಲ.

೧. ಸಂಬಳದ ಕೆಲಸ

ಶ್ರೀರಂಗಪಟ್ಟಣ ತಾಲ್ಲೂಕಿನ ಕಿರಂಗೂರಿನ ಕಡೆಯ ಉಪಕೇಂದ್ರದಲ್ಲಿ ಒಬ್ಬ ಸಿಸ್ಟರು ಇದ್ದರು. ಮನೆಮನೆಗೆ ನಡೆದು, ಬಸುರಿಯರನ್ನೂ ಮಕ್ಕಳನ್ನೂ ನೋಡಿಕೊಂಡು ಬರುವ ನರ್ಸು. ಆ ಕಡೆಯ ಹೆಣ್ಣೇ. ಮಾತು ಜೋರು, ನಡಿಗೆ ಇನ್ನೂ ಜೋರು. ಮೊದಲ ದಿನವೇ ನನ್ನನ್ನು ಒಂದು ಮನೆಗೆ ಕರೆದುಕೊಂಡು ಹೋದರು. ಜಗಲಿಯ ಮೇಲೆ ಕೂತರೆ ಎದುರಿಗೆ ಗದ್ದೆ, ಅದರಾಚೆ ಕರಿಘಟ್ಟ. ಕೂತಿದ್ದವರು ಆ ಮನೆಯ ಅತ್ತೆಮ್ಮ. ಕಬ್ಬಿನ ಗದ್ದೆಗೆ ನೀರು ತಿರುಗಿಸಿ ಆಗತಾನೆ ಬಂದು, ಕಾಲಿನ ಕೆಸರು ಒಣಗಲಿ ಎಂದು ಬಿಸಿಲಿಗೆ ಚಾಚಿಕೊಂಡಿದ್ದರು. ಒಳಗೆ ಹೊಸ ಸೊಸೆ ಇದ್ದಳು. ಕಾಣಿಸಲಿಲ್ಲ, ಒರಳುಕಲ್ಲಿನ ಸದ್ದು ಮಾತ್ರ ಕೇಳುತ್ತಿತ್ತು.

"ಯಾರವ್ವ ಇವ್ರು?"

"ಬೆಂಗ್ಳೂರಿಂದ ಬಂದವ್ರೆ ದೊಡ್ಡವ್ವ. ಆಸ್ಪತ್ರೆ ಕೆಲ್ಸುಕ್ಕೆ," ಎಂದರು ಸಿಸ್ಟರು.

"ಡಾಕ್ಟ್ರಮ್ಮಾರಾ?"

"ಅಲ್ಲ," ಎಂದೆ ನಾನು.

"ಸೂಜಿ ಆಕ್ತೀರಾ?"

"ಇಲ್ಲ."

"ಮಾತ್ರೆ ಕೊಡ್ತೀರಾ?"

"ಅದೂ ಇಲ್ಲ."

ಅತ್ತೆಮ್ಮ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. "ಮತ್ತೇನ್ ಮಾಡೀರಿ ತಾಯಿ?"

ನಾನು ನನ್ನ ಅತ್ಯಂತ ಸರಳವಾದ ಕನ್ನಡದಲ್ಲಿ ಹೇಳಿದೆ: "ನೋಡಿ ಅಮ್ಮ, ಇಲ್ಲಿ ಒಬ್ಬರ ವಿಷಯ ಏನು ಗೊತ್ತಿದೆಯೋ ಅದು ಆ ಊರಿನವರಿಗೂ ಗೊತ್ತಾಗಬೇಕು. ಆ ಊರಲ್ಲಿ ಏನಾಯ್ತು ಅನ್ನೋದು ಇಲ್ಲಿಗೆ ತಿಳೀಬೇಕು. ಅದಕ್ಕೆ ದಾರಿ ಮಾಡೋದು ನನ್ನ ಕೆಲಸ."

"ಓ!" ಎಂದರು ಅತ್ತೆಮ್ಮ. ಮುಖ ಅರಳಿತು. "ಇಲ್ಲಿಂದ ಅಲ್ಲಿಗೆ ಚಾಡಿ ಯೋಳದು!"

ಸಿಸ್ಟರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅದುಕ್ಕೆ ಸಮ್ಳ ಬ್ಯಾರೆ ಕೊಟ್ಟಾರಾ?" ಅತ್ತೆಮ್ಮ ನಿಜವಾಗಿಯೂ ಆಶ್ಚರ್ಯಪಟ್ಟರು. "ನಮ್ಮೂರಲ್ಲಿ ಎಲ್ರೂ ಬಿಟ್ಟಿ ಮಾಡ್ತಾವ್ರಲ್ಲವ್ವ!"

೨. ಕಾಣೆಯಾದ ಬಸುರಿಯರು

ಯೋಜನೆ ಮಾಡುವ ಮೊದಲು ಇರುವುದೇನು ಎಂದು ನೋಡಬೇಕು. ಕೆ.ಆರ್. ಪೇಟೆಯಲ್ಲಿ ಒಂದು ಸಭೆ ಕರೆದೆ. ನಾಲ್ಕೂ ತಾಲ್ಲೂಕಿನವರು ತಮ್ಮ ತಮ್ಮ ರಿಜಿಸ್ಟರುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದರು. ಒಬ್ಬೊಬ್ಬರದೂ ಮದುವೆಮನೆಗೆ ತಂದ ಬೆಳ್ಳಿ ಸಾಮಾನಿನಂತೆ. ಪಕ್ಕದವರು ಮುಟ್ಟಿದರೆ ಕಣ್ಣು ಬಿಡುತ್ತಿದ್ದರು.

ತೆರೆದು ನೋಡಿದರೆ ವಿಚಿತ್ರ. ಶ್ರೀರಂಗಪಟ್ಟಣದ ಪುಸ್ತಕದಲ್ಲಿ ಬಸುರಿಯರು ಏಳನೇ ತಿಂಗಳವರೆಗೆ ಸರಿಯಾಗಿ ಇರುತ್ತಾರೆ. ತೂಕ, ರಕ್ತದೊತ್ತಡ, ಎಲ್ಲಾ. ಆಮೇಲೆ ಒಬ್ಬೊಬ್ಬರಾಗಿ ಮಾಯ. ಹೆಸರಿನ ಮುಂದೆ "ಊರಿನಲ್ಲಿಲ್ಲ" ಎಂಬ ಒಂದೇ ಷರಾ. ನಾಗಮಂಗಲದ ಪುಸ್ತಕದಲ್ಲಿ ಅದಕ್ಕೆ ತದ್ವಿರುದ್ಧ. ಒಂಬತ್ತನೇ ತಿಂಗಳಿನಲ್ಲಿ ಹೆಂಗಸರು ದಿಢೀರನೆ ಪ್ರತ್ಯಕ್ಷರಾಗಿ, ಹೆತ್ತು, ಹೊರಟುಹೋಗುತ್ತಾರೆ. ಹಿಂದಿನ ಎಂಟು ತಿಂಗಳು ಖಾಲಿ.

"ಇದು ಹೇಗೆ?" ಎಂದು ಕೇಳಿದೆ.

ಅಲ್ಲಿಯ ಅಂಕಿಅಂಶದ ಗುಮಾಸ್ತರು, ನಿವೃತ್ತಿಗೆ ಹತ್ತಿರವಾಗಿದ್ದ ಸಮಾಧಾನದ ಮನುಷ್ಯ, ಕನ್ನಡಕ ತೆಗೆದು ಒರೆಸುತ್ತಾ ಹೇಳಿದರು: "ಮೇಡಂ, ನಾನು ಸರ್ವೀಸಿಗೆ ಸೇರಿದಾಗಿಂದ ಹಿಂಗೇ. ನಮ್ಮ ದಾಖಲೆ ಪ್ರಕಾರ ಬಸುರಿ ಆಗೋರು ಒಬ್ರು, ಹೆರೋರು ಇನ್ನೊಬ್ರು."

ರಹಸ್ಯವೇನೂ ಇರಲಿಲ್ಲ. ಸೀಮಂತ ಮಾಡಿ, ಮಡಿಲು ತುಂಬಿ, ಚೊಚ್ಚಲ ಹೆರಿಗೆಗೆ ಹುಡುಗಿಯನ್ನು ತವರಿಗೆ ಕಳಿಸುತ್ತಾರೆ. ಕಿರಂಗೂರಿಗೆ ಬಂದ ಸೊಸೆ ನಾಗಮಂಗಲದ ಮಗಳು. ಹೊಟ್ಟೆ ತವರಿಗೆ ಹೋಗುತ್ತದೆ, ರಿಜಿಸ್ಟರು ಗಂಡನ ಮನೆಯಲ್ಲೇ ಉಳಿಯುತ್ತದೆ.

ಇದನ್ನು ನಮ್ಮ ವಿದೇಶೀ ಮುಖ್ಯಸ್ಥರಿಗೆ ಫ್ಯಾಕ್ಸ್ ಮಾಡಿದೆ. ಮರುದಿನವೇ ಉತ್ತರ ಬಂತು: ಹೆಂಗಸರು ಎಲ್ಲಿ ಹೆಸರು ಬರೆಸುತ್ತಾರೋ ಅಲ್ಲೇ ಹೆರುವಂತೆ ತಿಳುವಳಿಕೆ ಮೂಡಿಸಿದರೆ ಸಮಸ್ಯೆ ಬಗೆಹರಿಯುವುದಲ್ಲವೇ? ಅದನ್ನು ಸಿಸ್ಟರಿಗೆ ಓದಿ ಹೇಳಿದೆ. ಅವರು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

"ಅವತ್ತು ಒಂದು ಮನೆಗೆ ಹೋಗಿದ್ವಲ್ಲ ಮೇಡಂ, ಆ ಅತ್ತೆಮ್ಮನ ಸೊಸೆ, ಈಗ ಬಸುರಿ. ಹೋದ ತಿಂಗಳು ಜ್ವರ ಬಂದಿತ್ತು, ಆಸ್ಪತ್ರೆಗೆ ನಾನೇ ಕರ್ಕೊಂಡೋಗಿದ್ದೆ. ಒಂದು ಇಂಜೆಕ್ಷನ್ ಕೊಟ್ರು. ಹತ್ತಿ ಇಟ್ಟು ಒತ್ತೋ ಅಷ್ಟ್ರಲ್ಲಿ ಮೈಯೆಲ್ಲ ದದ್ದು, ಉಸ್ರು ಕಟ್ಕೊಂಡ್ಬುಡ್ತು. ಡಾಕ್ಟ್ರು ಪಕ್ಕದಲ್ಲೇ ಇದ್ದುದ್ಕೆ ಉಳುದ್ಲು. ಆ ಮದ್ದು ಅವಳಿಗೆ ಇನ್ನೊಂದು ಸಲ ಬಿದ್ರೆ ಕತೆ ಮುಗೀತು ಅಂದವ್ರೆ. ನಾನು ರಿಜಿಸ್ಟರ್ನಲ್ಲಿ ಕೆಂಪು ಇಂಕಲ್ಲಿ ಬರ್ದಿವ್ನಿ. ಆದ್ರೆ ಏನ್ ಬಂತು? ರಿಜಿಸ್ಟರ್ ನನ್ನ ಬೀರೂನಲ್ಲಿರ್ತದೆ, ಹುಡ್ಗಿ ನಾಗಮಂಗಲದಲ್ಲಿರ್ತಾಳೆ."

ಯಾವ ಇಂಜೆಕ್ಷನ್ ಎಂದು ನಾನು ಕೇಳಲಿಲ್ಲ. ಊರಿನ ಎಲ್ಲರನ್ನೂ ಎಲ್ಲವನ್ನೂ ಕೇಳುವವಳು ಅದೊಂದನ್ನು ಕೇಳಲಿಲ್ಲ. ಬರೆದಿಟ್ಟಿದೆಯಲ್ಲ, ಇನ್ನೇನು ಎಂದುಕೊಂಡೆ. ಮುಂದೆ ಅದನ್ನು ನೆನೆದು ಬೆವರಿದ್ದೇನೆ.

ಸಿಸ್ಟರು ನನ್ನ ಕೈಯಲ್ಲಿದ್ದ ಫ್ಯಾಕ್ಸಿನ ಕಡೆ ಕಣ್ಣು ಹಾಯಿಸಿದರು. "ತವರಿಗೆ ಹೋಗ್ಬ್ಯಾಡಿ ಅಂತ ಬರ್ದವ್ರಲ್ಲ ನಿಮ್ಮ ಸಾಹೇಬ್ರು. ಪಾಪ, ಅವ್ರಿಗೆ ಅವ್ವ ಇಲ್ವಾ ಮೇಡಂ?"

೩. ಕೆಟ್ಟಿರದ ಫ್ಲಾಪಿ

ನನ್ನ ಮೊದಲ ಉಪಾಯ ಕಂಪ್ಯೂಟರು. ಶ್ರೀರಂಗಪಟ್ಟಣಕ್ಕೆ ಒಂದು, ನಾಗಮಂಗಲಕ್ಕೆ ಒಂದು, ಪ್ರಯೋಗಕ್ಕೆಂದು ತರಿಸಿದೆ. ಎರಡೂ ಕಡೆ ಅದಕ್ಕೆ ಪ್ರತ್ಯೇಕ ಕೋಣೆ, ಹೊಸ ಬೀಗ, ಒಳಗೆ ಹೋಗುವವರು ಚಪ್ಪಲಿ ಬಿಡಬೇಕೆಂಬ ನಿಯಮ. ರೋಗಿಗಳಿಗೇ ಸಿಗದ ಫ್ಯಾನು ಅದಕ್ಕೆ ಸಿಕ್ಕಿತು. ನೆತ್ತಿಗೆ ಕುಂಕುಮ ಇಟ್ಟರು. ನಾನೂ ಕೈಮುಗಿದೆ, ಆ ದಿನಗಳ ಕರೆಂಟನ್ನು ನಂಬಿ ಕೈಮುಗಿಯದವರು ಯಾರಿದ್ದರು?

ಟೆಲಿಫೋನ್ ತಂತಿಯ ಮೂಲಕ ಕಳಿಸಲು ಹೋದಾಗ ಒಂದು ಸಲ ಗೊರಗೊರ ಸದ್ದು ಬಂತು, ಇನ್ನೊಂದು ಸಲ ಪಾಂಡವಪುರದ ಯಾರೋ ಬೆಲ್ಲದ ವ್ಯಾಪಾರಿ ಮಾತಾಡಿದ. ಹಾಗಾಗಿ ಶ್ರೀರಂಗಪಟ್ಟಣದಲ್ಲಿ ಮಾಹಿತಿಯನ್ನು ಫ್ಲಾಪಿಗೆ ತುಂಬಿ, ವಾರಕ್ಕೊಮ್ಮೆ ನಾಗಮಂಗಲಕ್ಕೆ ಹೋಗುವ ಲಸಿಕೆಯ ಗಾಡಿಯಲ್ಲಿ ಕಳಿಸುವುದೆಂದು ತೀರ್ಮಾನವಾಯಿತು. ಆ ಚಪ್ಪಟೆ ತಟ್ಟೆಯನ್ನು ಲಸಿಕೆ ವಿಭಾಗದವರ ಕೈಗೆ ಕೊಡುವಾಗ ಒಂದು ಮಾತು ಒತ್ತಿ ಹೇಳಿದೆ: "ಬಿಸಿಲಿಗೆ ಇಡಬೇಡಿ. ಶಾಖ ತಾಗಿದರೆ ಒಳಗಿರೋದೆಲ್ಲ ಹಾಳಾಗುತ್ತೆ."

ಅವರು ನನ್ನನ್ನು ಬಹಳ ಗೌರವದಿಂದ ನೋಡಿದರು. ತಮ್ಮ ಕಷ್ಟ ಅರ್ಥವಾಗುವ ಒಬ್ಬರು ಕೊನೆಗೂ ಸಿಕ್ಕರು ಎಂಬಂತೆ.

ಆ ವಾರ ನಾಗಮಂಗಲದಲ್ಲಿ ನಾನೇ ಕಾದಿದ್ದೆ. ಗಾಡಿ ಬಂತು. ಐಸ್ ಡಬ್ಬ ಇಳಿಸಿದರು. ಮುಚ್ಚಳ ತೆಗೆದರು. ಪೋಲಿಯೋ ಹನಿಯ ಸೀಸೆಗಳ ನಡುವೆ, ನಾಲ್ಕೂ ಕಡೆ ಮಂಜುಗಡ್ಡೆಯ ಚೀಲಗಳ ಆಸರೆಯಲ್ಲಿ, ನನ್ನ ಫ್ಲಾಪಿ ತಣ್ಣಗೆ ಮಲಗಿತ್ತು. ಎತ್ತಿದರೆ ಮೂಲೆಯಿಂದ ನೀರು ತೊಟ್ಟಿಕ್ಕಿತು.

"ಎಲ್ಲೂ ಶಾಖ ತಾಗಿಲ್ಲ ಮೇಡಂ," ಎಂದರು ಜೊತೆಯಲ್ಲಿ ಬಂದ ಲಸಿಕೆ ವಿಭಾಗದವರು. "ದಾರಿಯಲ್ಲಿ ಎರಡು ಸಲ ಥರ್ಮಾಮೀಟರ್ ನೋಡ್ದೆ."

ಕಂಪ್ಯೂಟರಿಗೆ ಹಾಕಿದೆವು. ಅದು ಒಂದು ಸಲ ಕೆಮ್ಮಿ, ಸುಮ್ಮನಾಯಿತು. ಅಂದಿನಿಂದ ಆ ಯಂತ್ರ ಮತ್ತೆ ಯಾವ ಫ್ಲಾಪಿಯನ್ನೂ ಬಾಯಿಗಿಟ್ಟುಕೊಳ್ಳಲಿಲ್ಲ.

ಅವರು ನನ್ನ ಮುಖ ನೋಡಿ ಸಮಾಧಾನ ಮಾಡಿದರು. "ಓಪನ್ ಆಗ್ದೆ ಇರ್ಬೋದು ಮೇಡಂ. ಆದ್ರೆ ಕೆಟ್ಟಿಲ್ಲ. ಇನ್ನೂ ಎರಡು ವರ್ಷ ಇಟ್ರೂ ಏನೂ ಆಗಲ್ಲ."

೪. ಕೊಂಬು: ಇದೆ / ಇಲ್ಲ

ಸೋತ ಮುಖ ಹೊತ್ತುಕೊಂಡು ಮತ್ತೆ ಕಿರಂಗೂರಿಗೆ ಹೋದೆ. ಅತ್ತೆಮ್ಮ ಹಸುವಿಗೆ ಹಿಂಡಿ ಕಲಸುತ್ತಿದ್ದರು. ಕಪ್ಪುಬಿಳಿ ಸೀಮೆಹಸು, ಡೈರಿಗೆ ಹಾಲು ಹಾಕುವ ಮನೆ ಅದು.

"ಸೊಸೆಗೆ ಹೆರಿಗೆ ಯಾವಾಗ ಅಮ್ಮ?" ಎಂದೆ.

"ಕಬ್ಬು ಕಡಿಯೋ ಆರ್ಡರ್ ಬರೋ ಹೊತ್ಗೆ."

"ಕಾರ್ಖಾನೆಯವ್ರು ಆರ್ಡರ್ ಯಾವಾಗ ಕೊಡ್ತಾರೆ ಅಂತ ದೇವ್ರಿಗೂ ಗೊತ್ತಿಲ್ಲ ಮೇಡಂ," ಎಂದು ಸಿಸ್ಟರು ಮೆಲ್ಲಗೆ ಹೇಳಿದರು.

ಸುಮ್ಮನೆ ಮಾತಿಗೆ ಕೇಳಿದೆ: "ಈ ಹಸು ಕರು ಹಾಕಿದ್ದು ಯಾವಾಗ?"

ಅತ್ತೆಮ್ಮ ಕೈ ತೊಳೆದುಕೊಂಡು ಒಳಗೆ ಹೋಗಿ, ದೇವರ ಪಟದ ಹಿಂದಿನಿಂದ ಒಂದು ಹಳದಿ ಕಾರ್ಡು ತೆಗೆದುಕೊಂಡು ಬಂದರು. ಪ್ಲಾಸ್ಟಿಕ್ ಕವರಿನೊಳಗೆ ಮಡಿಯಾಗಿ ಇಟ್ಟಿದ್ದು. ಹಸುವಿನ ತಳಿ, ಬಣ್ಣ, ಗಬ್ಬಕ್ಕೆ ಇಂಜೆಕ್ಷನ್ ಕೊಟ್ಟ ತಾರೀಖು, ಕರು ಹಾಕಿದ ತಾರೀಖು, ಕಾಲುಬಾಯಿ ರೋಗದ ಲಸಿಕೆ, ಬಂದ ಕಾಯಿಲೆ, ಕೊಟ್ಟ ಮದ್ದು, ಸ್ವಭಾವ. ಹಸು ಕೈ ಬದಲಾದರೆ ಕಾರ್ಡೂ ಅದರ ಜೊತೆಗೇ ಹೋಗುತ್ತದಂತೆ. ಯಾವ ತಾಲ್ಲೂಕಿಗೆ ಹೋದರೂ ಅಲ್ಲಿಯ ಪಶುವೈದ್ಯರು ಮೊದಲು ಕೇಳುವುದೇ ಅದನ್ನು.

ನಾನು ಮೂರು ಖಂಡ ಸುತ್ತಿ ಹುಡುಕುತ್ತಿದ್ದದ್ದು ದೇವರ ಪಟದ ಹಿಂದೆ ಇತ್ತು.

"ಅಮ್ಮ, ಹಸುವಿಗೆ ಇಷ್ಟು ಚೆನ್ನಾಗಿ ಬರೆಸಿಟ್ಟಿದ್ದೀರಿ. ಸೊಸೆಗೆ?"

"ಅವಳಿಗ್ಯಾಕವ್ವ? ಅವ್ಳು ಬಾಯ್ಬುಟ್ಟು ಯೋಳ್ತಾಳೆ. ಹಸ ಯೋಳೀತಾ?"

ನನಗೆ ದಾರಿ ಸಿಕ್ಕಿತ್ತು. ಬಸುರಿಗೊಂದು ಕಾರ್ಡು, ಅದು ಆಸ್ಪತ್ರೆಯಲ್ಲಿ ಇರಬಾರದು, ಅವಳ ಜೊತೆ ತವರಿಗೆ ಹೋಗಬೇಕು. ಕರೆಂಟು ಬೇಡ, ಟೆಲಿಫೋನು ಬೇಡ, ನಾನೂ ಬೇಡ. ಸಿಸ್ಟರನ್ನು ಕೂರಿಸಿಕೊಂಡು ಪಾಂಡವಪುರಕ್ಕೆ ಹೋದೆ. ಅಲ್ಲಿಯ ಒಂದು ಪ್ರೆಸ್ಸಿನಲ್ಲೇ ಹಸುವಿನ ಕಾರ್ಡು ಅಚ್ಚಾಗುತ್ತಿದ್ದುದು. ಯಜಮಾನರು ಬನಿಯನ್ನಿನ ಮೇಲೆ ಶಾಯಿಯ ನಕ್ಷೆ ಬರೆದುಕೊಂಡಂತಿದ್ದ ಮನುಷ್ಯ.

"ಹಸುದು ಮಾಡಿ ಉಳಿದ ಹಳದಿ ರಟ್ಟು ಬೇಕಾದಷ್ಟು ಅದೆ ಮೇಡಂ. ಅದ್ರಲ್ಲೇ ಮಾಡ್ಬುಡೋಣ. ಅದೇ ಅಳತೆ, ಅದೇ ಮಡಿಕೆ. ಜನಕ್ಕೆ ರೂಢಿ ಆಗೋಗದೆ. ಹಳದಿ ಅಂದ್ರೆ ಜೋಪಾನ ಮಾಡ್ತಾರೆ."

ನನಗೆ ಬಹಳ ಇಷ್ಟವಾಯಿತು. 'ಜನ ಈಗಾಗಲೇ ನಂಬಿರುವುದನ್ನೇ ಬಳಸಿ' ಎಂದು ನಾನೇ ಎಷ್ಟು ವರದಿಗಳಲ್ಲಿ ಬರೆದಿಲ್ಲ! ಹಸುವಿನ ಕಾರ್ಡಿನ ಮೇಲೆ ಹಸುವಿನ ತಲೆಯ ಚಿತ್ರ. ನಮ್ಮದರ ಮೇಲೆ ತಾಯಿ ಮಗುವಿನದು. ಎರಡರ ಅಚ್ಚೂ ಹಳೆಯದು. ರಟ್ಟಿನ ಮೇಲೆ ಬಿದ್ದಾಗ ಎರಡೂ ಒಂದೇ ಥರದ ಕಪ್ಪು ಮೋಡ. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಕರಡು ಅಚ್ಚು ಬಂದಾಗ ನೋಡಿದೆವು. ಹಸುವಿನ ಕಾರ್ಡಿನ ಅಚ್ಚುಮೊಳೆಗಳನ್ನೇ ಜರುಗಿಸಿ ಜೋಡಿಸಿದ್ದರು. ಹೆಸರು, ಗಂಡನ ಹೆಸರು, ವಯಸ್ಸು, ಎಷ್ಟನೇ ಬಸಿರು, ಆಗದ ಔಷಧಿ. ಎಲ್ಲಾ ಸರಿ. ಕೊನೆಯ ಸಾಲಿನಲ್ಲಿ ಮಾತ್ರ ಒಂದು ಉಳಿದುಕೊಂಡುಬಿಟ್ಟಿತ್ತು: 'ಕೊಂಬು: ಇದೆ / ಇಲ್ಲ.'

ನಾನು ಗಾಬರಿಯಿಂದ ಹೊಡೆದುಹಾಕಲು ಪೆನ್ನು ತೆಗೆದೆ. ಸಿಸ್ಟರು ಕೈ ತಡೆದರು.

"ಇರ್ಲಿ ಬುಡಿ ಮೇಡಂ. ಅತ್ತೆದೀರು ಏನಾರ ಬರ್ಸುಕ್ಕೆ ಒಂದು ಜಾಗ ಬೇಡ್ವಾ?"

೫. ಗಂಡನ ಹೆಸರು

ಕಾರ್ಡು ಹಂಚಿದೆವು. ಅತ್ತೆಮ್ಮನ ಸೊಸೆಯದನ್ನು ಸಿಸ್ಟರು ತಾವೇ ತುಂಬಿ, ಆಗದ ಔಷಧಿಯ ಹೆಸರನ್ನು ಕೆಂಪು ಇಂಕಿನಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟರು. "ಯಾವ ಆಸ್ಪತ್ರೆಗೆ ಹೋದ್ರೂ ಇದ ತೋರ್ಸು. ನೀನೇನೂ ಯೋಳ್ಬ್ಯಾಡ, ಇದೇ ಯೋಳ್ತದೆ," ಎಂದು ಹುಡುಗಿಗೆ ಪಾಠ ಮಾಡಿದರು. ಅತ್ತೆಮ್ಮ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ದೇವರ ಪಟದ ಹಿಂದೆ ಇಟ್ಟರು.

ಸೀಮಂತವಾಯಿತು. ಅತ್ತೆಮ್ಮ ದೊಡ್ಡ ಮನಸ್ಸಿನವರು. ಬಾಣಂತಿಗೆ ಹಾಲಿಗೆ ಕೊರತೆಯಾಗಬಾರದು, ತಮ್ಮ ಮನೆಯ ಮರ್ಯಾದೆಯೂ ಬೀಗರ ಊರಿಗೆ ಗೊತ್ತಾಗಬೇಕು ಎಂದು, ಸೊಸೆಯ ಹಿಂದೆಯೇ ಹಾಲು ಕರೆಯುವ ಆ ಸೀಮೆಹಸುವನ್ನೂ ಒಂದು ಟೆಂಪೋದಲ್ಲಿ ತವರಿಗೆ ಕಳಿಸಿದರು. ಮೊಮ್ಮಗು ಬರುವಾಗ ಹಸುವೂ ಬರಲಿ ಎಂದು ಮಾತು. ಯಾರ ಜೊತೆ ಯಾರ ಕಾರ್ಡು ಹೋಗಬೇಕೋ ಅದನ್ನೂ ಮರೆಯದೆ ದೇವರ ಪಟದ ಹಿಂದಿನಿಂದ ತೆಗೆದು ಕೊಟ್ಟರು. ಅತ್ತೆಮ್ಮನಿಗೆ ಓದು ಬರುತ್ತಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು.

ಎರಡು ತಿಂಗಳಾದ ಮೇಲೆ ದೆಹಲಿಯಿಂದ ಪರಿಶೀಲನಾಧಿಕಾರಿ ಬಂದರು. ಕನ್ನಡ ಬಾರದು, ನಗುವೂ ಬಾರದು. ಅವರು ಕೇಳಿದ್ದು ಒಂದೇ: ಒಂದು ತಾಲ್ಲೂಕಿನ ಮಾಹಿತಿ ಇನ್ನೊಂದು ತಾಲ್ಲೂಕಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದದ್ದನ್ನು ಕಣ್ಣಾರೆ ತೋರಿಸಿ. ತೋರಿಸಿದರೆ ಮುಂದುವರಿಯುತ್ತದೆ, ಇಲ್ಲವಾದರೆ ಮುಚ್ಚುತ್ತೇವೆ. ಅವರನ್ನು ಬೆಳಿಗ್ಗೆಯೇ ನಾಗಮಂಗಲದ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕೂತು ಐದು ನಿಮಿಷವಾಗಿರಲಿಲ್ಲ. ಹೆರಿಗೆ ಕೋಣೆಯಿಂದ ಲೇಡಿ ಡಾಕ್ಟರು ಹೊರಗೆ ಬಂದರು. ಕೈಯಲ್ಲಿ ಹಳದಿ ಕಾರ್ಡು. ನಾನು ಅಧಿಕಾರಿಗೆ ಹೆಮ್ಮೆಯಿಂದ, "ನೋಡಿ ಸರ್, ಬಂತು" ಎಂದೆ.

"ನಿಮ್ಮ ಕಾರ್ಡ್ ತಾನೆ ಇದು?" ಡಾಕ್ಟರ ದನಿ ಸರಿಯಿರಲಿಲ್ಲ. "ಓದಿ."

ಓದಿದೆ. ಎಚ್.ಎಫ್. ಮಿಶ್ರತಳಿ. ಕಪ್ಪುಬಿಳಿ. ಎರಡನೇ ಸೂಲು. ಕಾಲುಬಾಯಿ ರೋಗಕ್ಕೆ ಲಸಿಕೆ ಆಗಿದೆ. ಸ್ವಭಾವ: ಸಾಧು, ಆದರೆ ಎಡಗಾಲಲ್ಲಿ ಒದೆಯುತ್ತದೆ.

"ಕಿರಂಗೂರಿನ ಹುಡುಗಿ. ದಿನ ತುಂಬೋ ಮೊದಲೇ ನೋವು ಬಂದಿದೆ. ನೀರಿನ ಚೀಲ ಒಡೆದು ತುಂಬಾ ಹೊತ್ತಾಗಿದೆ, ಜ್ವರ ಏರ್ತಾ ಇದೆ. ಸೋಂಕಿಗೆ ಇಂಜೆಕ್ಷನ್ ಕೊಡಲೇಬೇಕು. ಸೂಜಿ ಹಿಡಿದರೆ ಕೈ ತಳ್ಳಿ, 'ನಂಗೆ ಒಂದು ಸೂಜಿ ಆಗಲ್ಲ, ಯಾವುದು ಅಂತ ಕಾರ್ಡಲ್ಲಿದೆ' ಅಂತಾಳೆ. ಯಾವುದಮ್ಮಾ ಅದು? ಟೆಸ್ಟ್ ಡೋಸ್ ಕೊಡೋಕೂ ನಂಗೆ ಭಯ."

ಹುಡುಗಿ ಯಾರೆಂದು ಗೊತ್ತು, ಏನಾಗಿತ್ತೆಂದು ಗೊತ್ತು, ಮದ್ದಿನ ಹೆಸರೊಂದು ಗೊತ್ತಿಲ್ಲ. ಶ್ರೀರಂಗಪಟ್ಟಣಕ್ಕೆ ಫೋನು ಮಾಡಿದೆ. ಸಿಸ್ಟರು ಊರೂರು ತಿರುಗಲು ಹೋಗಿದ್ದಾರೆ, ರಿಜಿಸ್ಟರು ಬೀರುವಿನಲ್ಲಿದೆ, ಬೀರುವಿನ ಕೀ ಸಿಸ್ಟರ ಸೊಂಟದಲ್ಲಿದೆ. ಪಕ್ಕದ ಕೋಣೆಯಲ್ಲಿ ನಮ್ಮ ಕಂಪ್ಯೂಟರು ಕುಂಕುಮ ಇಟ್ಟುಕೊಂಡು ಕೂತಿತ್ತು. ಒಳಗಿನಿಂದ ಹುಡುಗಿ ನರಳುವುದು ಕೇಳಿಸುತ್ತಿತ್ತು. ಅಧಿಕಾರಿ ಏನೋ ಬರೆದುಕೊಳ್ಳುತ್ತಿದ್ದರು.

ಅಷ್ಟರಲ್ಲಿ ಒಬ್ಬರು ಕುಂಟುತ್ತಾ ಒಳಗೆ ಬಂದರು. ಖಾಕಿ ಕೋಟು, ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದು ಕೈಯಲ್ಲಿ ಹಳದಿ ಕಾರ್ಡು.

"ನಾನು ಪಶು ಆಸ್ಪತ್ರೆ ಕಾಂಪೌಂಡರು ಮೇಡಂ. ನಮ್ಮ ಡಾಕ್ಟ್ರು ಕಳ್ಸವ್ರೆ. ಬೆಳಿಗ್ಗೆ ಒಂದು ಹಸ ಬಂತು, ಕೆಚ್ಚಲು ಬಾವು. ಎರಡು ದಿನದಿಂದ ಇತ್ತಂತೆ. ಮಗಳನ್ನ ಹೆಂಗಿದ್ರೂ ಪೇಟೆಗೆ ಕರ್ಕೊಂಡ್ಬರ್ತಾ ಇದೀವಲ್ಲ ಅಂತ ಹಸಾನೂ ಹೊಡ್ಕೊಂಬಂದವ್ರೆ. ಪೆನಿಸಿಲಿನ್ ಹಾಕೋಣ ಅಂತ ಕಾರ್ಡ್ ನೋಡುದ್ರೆ, ಕೆಂಪು ಇಂಕಲ್ಲಿ 'ಪೆನಿಸಿಲಿನ್ ಕೂಡದು, ಪ್ರಾಣಾಪಾಯ' ಅಂತ ಬರ್ದದೆ! ನನ್ನ ಸರ್ವೀಸಲ್ಲಿ ಅಂತಾ ಹಸ ನೋಡಿಲ್ಲ. ಡಾಕ್ಟ್ರೂ ಸೂಜಿ ಕೆಳಗಿಟ್ರು."

"ಪೆನಿಸಿಲಿನ್!" ಎಂದರು ಲೇಡಿ ಡಾಕ್ಟರು. ಅಷ್ಟೇ. ಒಳಗೆ ಓಡಿದರು. ಬಾಗಿಲ ಹಿಂದೆ "ಆ ಸೀಸೆ ಇಡು, ಬೇರೇದು ತಗೊ!" ಎಂದು ನರ್ಸಿಗೆ ಹೇಳಿದ್ದು ಕೇಳಿತು.

ನಾನು ಗೋಡೆಗೆ ಒರಗಿ ನಿಂತೆ. ಉಸಿರು ಬಂದ ಮೇಲೆ ಚಟವೂ ಬಂತು. "ಇದು ಮನುಷ್ಯರ ಕಾರ್ಡು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಮೊದ್ಲು ಗೊತ್ತಾಗ್ಲಿಲ್ಲ ಮೇಡಂ. ಆಮೇಲೆ ನಮ್ಮ ಡಾಕ್ಟ್ರು ಮೇಲಿಂದ ಓದ್ತಾ ಬಂದ್ರು. ಎರಡನೇ ಸಾಲಲ್ಲಿ 'ಗಂಡನ ಹೆಸರು' ಅಂತ ಇತ್ತು. ಅಲ್ಲೊಂದು ಗೌಡ್ರ ಹೆಸ್ರು ಬರ್ದಿತ್ತು." ಅವರು ಮೊಣಕಾಲು ತಿಕ್ಕಿಕೊಂಡರು. "ನಿಮ್ಮತ್ರ ನಮ್ಮ ಹಸಿನ ಕಾರ್ಡ್ ಇದ್ರೆ ಕೊಡಿ. ಅದ್ರಲ್ಲಿ ಒದೀತದೆ ಅಂತ ಬರ್ದಿತ್ತಾ?"

"ಬರೆದಿದೆ. ಎಡಗಾಲು."

"ಹೂಂ," ಎಂದರು ಕಾಂಪೌಂಡರು. "ಸರ್ಯಾಗೇ ಬರ್ದವ್ರೆ."

ಆಸ್ಪತ್ರೆಯ ಬಾಗಿಲಲ್ಲಿ ನಿಂತು ಕಾರ್ಡು ಅದಲುಬದಲು ಮಾಡಿಕೊಂಡೆವು. ಹಸುವಿಗೆ ಪೆನಿಸಿಲಿನ್ ಬಿತ್ತು, ಹುಡುಗಿಗೆ ಬೇರೆ ಔಷಧಿ. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿ ಇಡೀ ಆಸ್ಪತ್ರೆಗೆ ಕೇಳುವಂತೆ ಅತ್ತಿತು. ಅಧಿಕಾರಿ ನನ್ನ ಹತ್ತಿರ ಬಂದು, ಆ ಖಾಕಿ ಕೋಟಿನವರು ಯಾವ ಇಲಾಖೆ ಎಂದು ಕೇಳಿದರು. ಪಶು ಇಲಾಖೆ ಎಂದೆ. ಮಾ‌ಹಿತಿ ತಂದವರು ಅವರೇನಾ ಎಂದರು. ಹೌದು ಎಂದೆ. ಅಷ್ಟಕ್ಕಿಂತ ಹೆಚ್ಚು ಕೇಳಲಿಲ್ಲ, ನಾನೂ ಹೇಳಲಿಲ್ಲ. ವರದಿ ಬಂದಾಗ ಓದಿದೆ: ಯೋಜನೆ ಮುಂದುವರಿಯತಕ್ಕದ್ದು, ವಿಶೇಷವಾಗಿ, ತುರ್ತು ಸಂದರ್ಭಕ್ಕೆಂದು ಪಶು ಆಸ್ಪತ್ರೆಯನ್ನೂ ಈ ಜಾಲಕ್ಕೆ ಸೇರಿಸಿರುವುದು ಸಲಹೆಗಾರರ ದೂರದೃಷ್ಟಿಗೆ ಸಾಕ್ಷಿ. ಸಿಸ್ಟರಿಗೆ ಅದನ್ನು ಓದಿದೆ. ಅವರು ಮೊದಲು ಅತ್ತರು, ಆಮೇಲೆ ಉಪಕೇಂದ್ರದ ಬೆಂಚಿನಿಂದ ಬೀಳುವಷ್ಟು ನಕ್ಕರು, ಆಮೇಲೆ ಬೀರುವಿನ ಕೀಯನ್ನು ಸೊಂಟದಿಂದ ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು. ಬಸುರಿಯರ ಕಾರ್ಡು ಅಂದಿನಿಂದ ಗುಲಾಬಿ ಬಣ್ಣಕ್ಕೆ ತಿರುಗಿತು.

ಮೂರು ತಿಂಗಳಾದ ಮೇಲೆ ಕಿರಂಗೂರಿಗೆ ಹೋದೆ. ಸೊಸೆ ಬಂದಿದ್ದಳು, ಕೂಸು ಬಂದಿತ್ತು, ಕೊಟ್ಟಿಗೆಯಲ್ಲಿ ಹಸುವೂ ಬಂದಿತ್ತು. ಅತ್ತೆಮ್ಮ ಜಗಲಿಯ ಮೇಲೆ ಕೂಸನ್ನು ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದರು.

"ಅಮ್ಮ, ಅವತ್ತು ಹಸುವಿನ ಕಾರ್ಡು ಸೊಸೆ ಕೈಗೆ ಕೊಟ್ಟುಬಿಟ್ಟಿದ್ರಲ್ಲ!"

ಅವರಿಗೆ ಬೇಸರವಾಯಿತು. "ಎಲ್ರೂ ಅದ್ನೇ ಅಂತಾವ್ರೆ. ಎರಡೂ ಒಂದೇ ಥರ ಮಾಡ್ಸ್ದೋರು ನೀವು, ಬೈಸ್ಕೊಳೋಳು ನಾನು. ಅಂತಾದ್ದೇನವ್ವ ಬರ್ದಿತ್ತು ಅದ್ರಲ್ಲಿ? ಓದು ಮತ್ತೆ, ನಾನೂ ಕೇಳ್ತೀನಿ."

ದೇವರ ಪಟದ ಹಿಂದಿನಿಂದ ಹಳದಿ ಕಾರ್ಡು ತರಿಸಿ, ತಳಿ, ಬಣ್ಣ, ಸೂಲು ಎಲ್ಲಾ ಓದಿ, ಕೊನೆಯ ಸಾಲನ್ನು ನಿಧಾನವಾಗಿ ಓದಿದೆ: "ಸ್ವಭಾವ: ಸಾಧು, ಆದರೆ ಎಡಗಾಲಲ್ಲಿ ಒದೆಯುತ್ತದೆ."

ಅತ್ತೆಮ್ಮ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದರು.

"ಅಂಗಾರೆ ತಪ್ಪೇನಾಯ್ತವ್ವ? ನನ್ ಸೊಸೆ ಇಸ್ಯ ಸರ್ಯಾಗೇ ಬರ್ದದಲ್ಲ!"

ಅಷ್ಟು ದಿನ ಒರಳುಕಲ್ಲಿನ ಸದ್ದನ್ನು ಬಿಟ್ಟರೆ ಇನ್ನೇನೂ ಕೇಳಿಸದಿದ್ದ ಒಳಮನೆಯಿಂದ, ಸೊಸೆಯ ದನಿ ಸ್ಪಷ್ಟವಾಗಿ ಬಂತು:

"ಎಡಗಾಲಲ್ಲ ಕಣತ್ತೆ. ನಂದು ಬಲಗಾಲು."